ಅಳಿಸಿಹೋದ ಫೋಟೊ ಮರಳಿ ಪಡೆಯಲು: ಮೊದಲು ಕಾರ್ಡನ್ನು ಹೊರಗೆ ತೆಗೆಯಿರಿ

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ಫೋಟೊ ಸ್ಟುಡಿಯೊ ಇದೆ. ಮದುವೆ, ಸೀಮಂತ, ತೊಟ್ಟಿಲು ಕಾರ್ಯ, ಜನವರಿಯಲ್ಲಿ ಗವಿಮಠದ ಜಾತ್ರೆ, ಇಷ್ಟರಲ್ಲಿ ನನ್ನ ವರ್ಷ ಮುಗಿಯುತ್ತದೆ. ಹೋದ ಬೇಸಿಗೆಯಲ್ಲಿ ಕಿನ್ನಾಳದಿಂದ ಬಂದ ಒಬ್ಬ ಹೆಣ್ಣುಮಗಳು ಸೆರಗಿನ ಗಂಟು ಬಿಚ್ಚಿ ಒಂದು ಮೆಮೊರಿ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಅಣ್ಣಾ, ಮೈದುನನ ಕ್ಯಾಮೆರಾ. ನನ್ನ ಮಗ ಏನನ್ನೋ ಒತ್ತಿ ಎಲ್ಲ ಅಳಿಸಿಬಿಟ್ಟಿದ್ದಾನೆ. ನಮ್ಮ ಮಾವನವರ ಕೊನೆಯ ಫೋಟೊಗಳು ಇದರಲ್ಲಿಯೇ ಇದ್ದವು."

ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಳಿಸಿದ ಮೇಲೆ ಇದರಲ್ಲಿ ಮತ್ತೆ ಫೋಟೊ ತೆಗೆದಿರಾ ಅಕ್ಕಾ?"

"ಹತ್ತೋ ಹನ್ನೆರಡೋ ತೆಗೆದಿದ್ದಾನೆ. ಆಮೇಲೆ ಹೆದರಿ ಕ್ಯಾಮೆರಾ ಮುಟ್ಟಲಿಲ್ಲ."

ಹುಡುಗನ ಆ ಹೆದರಿಕೆಯೇ ಉಳಿದ ಚಿತ್ರಗಳನ್ನು ಕಾಯ್ದಿತ್ತು. ಏಕೆಂದು ಹೇಳುತ್ತೇನೆ.

ಕಾರ್ಡಿನೊಳಗೆ ಫೋಟೊಗಳು ಒಂದು ಕಡೆ, ಅವುಗಳ ಪಟ್ಟಿ ಇನ್ನೊಂದು ಕಡೆ ಇರುತ್ತವೆ. ಯಾವ ಹೆಸರಿನ ಫೈಲ್ ಎಲ್ಲಿಂದ ಶುರು, ಎಷ್ಟು ದೊಡ್ಡದು ಎಂಬುದೆಲ್ಲ ಆ ಪಟ್ಟಿಯಲ್ಲಿದೆ. ನಮ್ಮ ಕಡೆಯವರಿಗೆ ಪಹಣಿ ಎಂದರೆ ಸಾಕು, ತಿಳಿಯುತ್ತದೆ. ಡಿಲೀಟ್ ಒತ್ತಿದಾಗ ಪಹಣಿಯಲ್ಲಿ ಹೆಸರಿಗೆ ಗೀಟು ಬೀಳುತ್ತದೆ, ಹೊಲದಲ್ಲಿ ಪೈರು ಹಾಗೆಯೇ ನಿಂತಿರುತ್ತದೆ. 32 ಜಿಬಿವರೆಗಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಪಟ್ಟಿ ಇಡುವ ಫ್ಯಾಟ್32 ಎಂಬ ವ್ಯವಸ್ಥೆ. ಅದರಲ್ಲಿ ಈ ಗೀಟು ತೀರ ಸಣ್ಣದು: ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಇ5 ಎಂಬ ಗುರುತು ಬರುತ್ತದೆ, ಫೈಲ್ ಹಿಡಿದಿದ್ದ ಜಾಗ ಖಾಲಿ ಎಂದು ನಮೂದಾಗುತ್ತದೆ. ಆ ಜಾಗದಲ್ಲಿ ಬೇರೊಬ್ಬರು ಬಿತ್ತಿದಾಗಲೇ, ಅಂದರೆ ಹೊಸ ಫೋಟೊ ಬಂದು ಕೂತಾಗಲೇ, ಹಳೆಯದು ನಿಜವಾಗಿ ಹೋಗುವುದು. ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಕೂಡ ಹೆಚ್ಚಾಗಿ ಪಟ್ಟಿಯನ್ನಷ್ಟೇ ಹೊಸದು ಮಾಡುತ್ತದೆ. ಕಾರ್ಡಿನ ಎಲ್ಲ ಜಾಗವನ್ನೂ ಅಳಿಸುವ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿದ್ದರೆ ಆಸೆ ಕಡಿಮೆ.

ಹಾಗಾಗಿ ಮೊದಲ ಕೆಲಸ, ಕ್ಯಾಮೆರಾ ಆಫ್ ಮಾಡಿ ಕಾರ್ಡನ್ನು ಹೊರಗೆ ತೆಗೆಯುವುದು. ದೊಡ್ಡ ಎಸ್‌ಡಿ ಕಾರ್ಡಿನ ಅಂಚಿನಲ್ಲಿ ಉಗುರಿನಿಂದ ಸರಿಸುವ ಒಂದು ಚಿಕ್ಕ ಗುಂಡಿ ಇರುತ್ತದೆ, ಅದನ್ನು ಲಾಕ್ ಕಡೆಗೆ ತಳ್ಳಿ. ಮೈಕ್ರೊ ಕಾರ್ಡಿಗೆ ಅದು ಇಲ್ಲ, ಅಡಾಪ್ಟರ್‌ನಲ್ಲಿ ಹಾಕಿ ಅದರ ಗುಂಡಿ ಸರಿಸಿ. ಕಂಪ್ಯೂಟರಿಗೆ ಚುಚ್ಚಿದಾಗ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂದು ವಿಂಡೋಸ್ ಕೇಳಬಹುದು. ಕ್ಯಾನ್ಸಲ್ ಒತ್ತಿ. ದೋಷ ಸರಿಪಡಿಸಲೇ ಎಂದು ಕೇಳಿದರೂ ಈಗ ಬೇಡ ಎನ್ನಿ. ಸರಿಪಡಿಸುವುದು ಎಂದರೆ ಕಾರ್ಡಿನ ಮೇಲೆ ಬರೆಯುವುದು.

ಎರಡನೆಯ ಕೆಲಸವನ್ನು ಅವಸರದಲ್ಲಿರುವವರು ಬಿಟ್ಟುಬಿಡುತ್ತಾರೆ, ನಾನು ಎಂದೂ ಬಿಡುವುದಿಲ್ಲ. ಇಡೀ ಕಾರ್ಡಿನ ಒಂದು ಪಡಿಯಚ್ಚನ್ನು ಕಂಪ್ಯೂಟರಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಫೈಲ್‌ಗಳ ನಕಲಲ್ಲ, ಖಾಲಿ ಎಂದು ನಮೂದಾದ ಜಾಗವೂ ಸೇರಿ ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗಿನ ನಕಲು. ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅದರಲ್ಲಿ ರೀಡ್, ರೈಟ್ ಎಂಬ ಎರಡು ಬಟನ್ ಅಕ್ಕಪಕ್ಕದಲ್ಲಿವೆ. ಒತ್ತಬೇಕಾದದ್ದು ರೀಡ್. ರೈಟ್ ಒತ್ತಿದರೆ ಕಾರ್ಡ್ ಹಾಳಾದಂತೆಯೇ, ಅದಕ್ಕಾಗಿಯೇ ಲಾಕ್ ಮೊದಲು ಹಾಕಿಸಿದ್ದು. ಕಾರ್ಡ್ ಸವೆದು ಓದುವಾಗ ತಡವರಿಸುತ್ತಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಒಳ್ಳೆಯದು. ಓದಲು ಬರುವ ಭಾಗಗಳನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ. 32 ಜಿಬಿ ಕಾರ್ಡಿನ ಪಡಿಯಚ್ಚು ಸುಮಾರು ಅಷ್ಟೇ ದೊಡ್ಡದಿರುತ್ತದೆ. ಫ್ಯಾಟ್32 ಇರುವ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಆದ್ದರಿಂದ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆ ಇರುವ ಡಿಸ್ಕಿನಲ್ಲಿ ಉಳಿಸಿ. ಕಿನ್ನಾಳದ ಕಾರ್ಡಿಗೆ ನನ್ನ ಹಳೆಯ ರೀಡರ್ ಅರ್ಧ ಗಂಟೆ ತೆಗೆದುಕೊಂಡಿತು. ಕರೆಂಟ್ ಹೋದೀತೆಂದು ಯುಪಿಎಸ್ ಮೇಲೆಯೇ ಮಾಡಿದೆ.

ಪಡಿಯಚ್ಚು ಸಿಕ್ಕ ಮೇಲೆ ಕಾರ್ಡನ್ನು ಲಕೋಟೆಯಲ್ಲಿಟ್ಟುಬಿಡಿ. ಇನ್ನು ಹುಡುಕಾಟವೆಲ್ಲ ಪಡಿಯಚ್ಚಿನಲ್ಲಿ. ನಾನು ಬಳಸುವುದು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೊರೆಕ್, ಇದೂ ಉಚಿತ. ಜೊತೆಯಲ್ಲಿಯೇ ಬರುವ ಕ್ಯೂಫೋಟೊರೆಕ್ ತೆರೆದು, ಡಿಸ್ಕ್ ಇಮೇಜ್ ಸೇರಿಸುವ ಆಯ್ಕೆಯಿಂದ ಪಡಿಯಚ್ಚನ್ನು ತೋರಿಸಿ, ಸಿಕ್ಕಿದ್ದನ್ನು ಇಡಲು ಬೇರೊಂದು ಫೋಲ್ಡರ್ ಕೊಟ್ಟರೆ ಆಯಿತು. ಅದು ಪಟ್ಟಿಯನ್ನು ನಂಬಿ ಕೂರುವುದಿಲ್ಲ, ನೇರ ಹೊಲಕ್ಕೆ ಇಳಿಯುತ್ತದೆ. ಪ್ರತಿ ಜೆಪೆಗ್ ಫೋಟೊ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಶುರುವಾಗುತ್ತದೆ. ಆ ಗುರುತು ಕಂಡಲ್ಲಿಂದ ಫೋಟೊವನ್ನು ಎತ್ತಿಕೊಂಡು ಬರುತ್ತದೆ. ಹಳೆಯ ಹೆಸರು ಸಿಗುವುದಿಲ್ಲ, 'ಎಫ್' ಅಕ್ಷರದ ಮುಂದೆ ಸಂಖ್ಯೆಗಳಿರುವ ಹೊಸ ಹೆಸರು ಬರುತ್ತದೆ. 'ಟಿ'ಯಿಂದ ಶುರುವಾಗುವವು ಫೋಟೊದೊಳಗೇ ಅಡಗಿರುವ ಸಣ್ಣ ನಮೂನೆಗಳು. ತೆಗೆದ ದಿನಾಂಕ ಫೋಟೊದೊಳಗೆ ಉಳಿದಿರುತ್ತದೆ. ವಿಡಿಯೊಗಳು ಕಾರ್ಡಿನಲ್ಲಿ ತುಂಡು ತುಂಡಾಗಿ ಚದುರಿರುವ ಸಾಧ್ಯತೆ ಹೆಚ್ಚು, ಅವು ಪೂರ್ತಿ ಸಿಗುತ್ತವೆಂದು ಯಾರಿಗೂ ಮಾತು ಕೊಡಬೇಡಿ.

ಆ ದಿನ 200ಕ್ಕೂ ಹೆಚ್ಚು ಚಿತ್ರ ಬಂದವು. ಹದಿಮೂರು ಸಿಗಲಿಲ್ಲ. ಒಂದು ಅರ್ಧ ಬಂತು: ಮೇಲೆ ಬಿಳಿಯ ರುಮಾಲು, ಹಣೆಯ ಮೇಲೆ ವಿಭೂತಿ, ಮುಚ್ಚಿದ ಕಣ್ಣು, ಮೂಗಿನಿಂದ ಕೆಳಗೆ ಬರೀ ಬೂದು ಬಣ್ಣ. ಆ ಕೆಳಭಾಗದ ಮೇಲೆ ಹುಡುಗನ ಹೊಸ ಚಿತ್ರ ಕೂತಿತ್ತು. ಮುಂದಿನ ಚಿತ್ರದಲ್ಲಿ ಮಾವನವರು ಕಣ್ಣು ತೆರೆದು ಪೂರ್ತಿ ಇದ್ದರು. ಆ ತಾಯಿ ಕಂಪ್ಯೂಟರ್ ಪರದೆಗೆ ಕೈ ಮುಗಿದರು.

ಈ ವಿದ್ಯೆ ಎಲ್ಲದಕ್ಕೂ ನಡೆಯುವುದಿಲ್ಲ. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ಪಿನ ಡಿಸ್ಕ್, ಇರುವ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಅಳಿಸಿದ ಕೂಡಲೇ ಟ್ರಿಮ್ ಎಂಬ ಆದೇಶ ಹೋಗುತ್ತದೆ, ಡಿಸ್ಕ್ ತಾನೇ ಆ ಹೊಲವನ್ನು ಹರಗಿಬಿಡುತ್ತದೆ. ಈಗಿನ ಮೊಬೈಲ್‌ಗಳಲ್ಲಿ ದತ್ತಾಂಶ ಗೂಢಲಿಪಿಯಲ್ಲಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಬೀಗದ ಕೈಯೇ ನಾಶವಾಗುತ್ತದೆ, ಮರಳಿ ಕೊಡುತ್ತೇವೆ ಎನ್ನುವ ಆ್ಯಪ್‌ಗಳಿಗೆ ಹಣ ಕಟ್ಟಬೇಡಿ. ಬರೀ ಫೋಟೊ ಅಳಿಸಿದ್ದರೆ ಗೂಗಲ್ ಫೋಟೋಸ್‌ನ ಕಸದ ಬುಟ್ಟಿ ನೋಡಿ: ಬ್ಯಾಕಪ್ ಆಗಿದ್ದವು 60 ದಿನ, ಆಗದಿದ್ದವು 30 ದಿನ ಅಲ್ಲಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಯಾರಿಗೆ ಕಳಿಸಿದ್ದಿರಿ ಎಂದೂ ನೆನಪಿಸಿಕೊಳ್ಳಿ.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಬಡಿಯುತ್ತಿದ್ದರೆ ತಕ್ಷಣ ವೈರ್ ಕಿತ್ತುಬಿಡಿ. ಒಳಗೆ ತಿರುಗುವ ತಟ್ಟೆಗೂ ಅದನ್ನು ಓದುವ ತಲೆಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ನಮ್ಮೂರಿನ ಧೂಳಿನ ಒಂದು ಕಣ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಂಗಡಿಯ ಮೇಜಿನ ಮೇಲೆ ಸ್ಕ್ರೂ ಬಿಚ್ಚಿ ನೋಡುತ್ತೇನೆ ಎನ್ನುವವರಿಗೆ ಕೊಡಬೇಡಿ. ಧೂಳಿಲ್ಲದ ವಿಶೇಷ ಕೋಣೆ ಇರುವವರಲ್ಲಿಗೇ ಅದು ಹೋಗಬೇಕು, ಖರ್ಚೂ ಹೆಚ್ಚು.

ಇಷ್ಟೆಲ್ಲ ಬಲ್ಲ ನಾನು ನನ್ನ ಕೆಲಸದಲ್ಲಿ ಇದನ್ನು ನೆಚ್ಚಿಕೊಂಡಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ವರ್ಷ, ತಿಂಗಳು, ದಿನ ಮೊದಲು ಬರುವಂತೆ ಫೋಲ್ಡರ್ ಹೆಸರಿಡುತ್ತೇನೆ: 2025-05-11-ಕುಕನೂರು-ಮದುವೆ. ಆಗ ಎಲ್ಲವೂ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಮೂರು ಪ್ರತಿ ಇರುತ್ತವೆ. ಕಂಪ್ಯೂಟರಿನಲ್ಲಿ ಒಂದು, ಅಂಗಡಿಯ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಗಂಗಾವತಿಯ ತಮ್ಮನ ಮನೆಯಲ್ಲಿ ಒಂದು. ಕಪಾಟಿನ ಡಿಸ್ಕ್ ನಕಲು ಮಾಡುವಾಗ ಬಿಟ್ಟರೆ ಕಂಪ್ಯೂಟರಿಗೆ ಅಂಟಿಕೊಂಡಿರುವುದಿಲ್ಲ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಬಂದರೆ ಆಗ ಜೋಡಿಸಿದ್ದನ್ನೆಲ್ಲ ತಿನ್ನುತ್ತದೆ. ತಮ್ಮನ ಮನೆಯ ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ್ದೇನೆ, ಜನರ ಮನೆಯ ಹೆಣ್ಣುಮಕ್ಕಳ ಫೋಟೊಗಳು ಅಪರಿಚಿತರ ಕೈಗೆ ಸಿಗಬಾರದು. ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದು ಮನೆಯ ಟ್ರೆಜರಿಯಲ್ಲಿ ಹೊಲದ ಪತ್ರಗಳ ಜೊತೆ ಇಟ್ಟಿದ್ದೇನೆ. ಪಾಸ್‌ವರ್ಡ್ ಮರೆತು ಅದೂ ಕಳೆದರೆ ನನಗೂ ಬಾಗಿಲು ತೆರೆಯುವುದಿಲ್ಲ.

ಪ್ರತಿ ಅಮಾವಾಸ್ಯೆ ಅಂಗಡಿ ಪೂಜೆಯಾದ ಮೇಲೆ ಕಪಾಟಿನ ಡಿಸ್ಕನ್ನು ಜೋಡಿಸಿ, ಬೇರೆ ಬೇರೆ ವರ್ಷದ ಮೂರು ಫೋಲ್ಡರ್ ತೆರೆದು ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತೇನೆ. ಸರಿಯಿದ್ದರೆ ಡಿಸ್ಕಿನ ಮೇಲಿನ ಚೀಟಿಯಲ್ಲಿ ಆ ದಿನದ ತಾರೀಖು ಬರೆದು, ಸೇಫ್ಲಿ ರಿಮೂವ್ ಒತ್ತಿ, ಅದರ ಬೆಳಕು ಆರಿದ ಮೇಲೆ ವೈರ್ ತೆಗೆಯುತ್ತೇನೆ.