ಜರ್ಮನಿಗೆ ಹೊರಟಿದ್ದೀರಾ? ಮೊದಲು ಪೋಸ್ಟ್ ಡಬ್ಬಿಗೆ ಹೆಸರು ಅಂಟಿಸಿ

ಹಾಸನದಿಂದ ಎಂಎಸ್ ಓದಲು ಜರ್ಮನಿಗೆ ಹೊರಡುವ ಮಕ್ಕಳ ಮನೆಯಲ್ಲಿ ಮಾತೆಲ್ಲ ವೀಸಾದ್ದೇ. ನಮ್ಮ ಅಂಕಪಟ್ಟಿ ಅಸಲಿ ಎಂದು ಹೇಳುವ ಎಪಿಎಸ್ ಸರ್ಟಿಫಿಕೇಟ್ ಬಂತಾ, ಖರ್ಚಿನ ಹಣ ಮೊದಲೇ ಇಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯುವ ಬ್ಲಾಕ್ಡ್ ಅಕೌಂಟಿಗೆ ಒಂದು ವರ್ಷದ 11,904 ಯೂರೋ ಹೊಂದಿತಾ, ಟಿಕೆಟ್ ಆಯ್ತಾ. ಅದೆಲ್ಲ ಹೇಗೋ ಆಗುತ್ತದೆ. ಅಲ್ಲಿ ಇಳಿದ ಮೇಲೆ ತಿಂಗಳುಗಟ್ಟಲೆ ಜೀವ ಹಿಂಡುವುದು ಸಣ್ಣಪುಟ್ಟ ವಿಷಯಗಳು. ನಾನು ಅಲ್ಲಿ ಎರಡು ವರ್ಷ ಇದ್ದು ಬಂದವನು. ಈಗ ಹೊರಟು ನಿಂತ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ ಮನೆಗೆ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಊರಲ್ಲಿ ಇರುವಾಗಲೇ: ಹೆಸರು ಸರಿಮಾಡಿಕೊಳ್ಳಿ

ನಮ್ಮಲ್ಲಿ ತುಂಬಾ ಜನಕ್ಕೆ ಮನೆತನದ ಹೆಸರಿಲ್ಲ, ಇನಿಶಿಯಲ್ ಇದೆ. ಎಚ್ ಅಂದರೆ ಹಾಸನ, ಆರ್ ಅಂದರೆ ಅಪ್ಪನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಾಗೇ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುತ್ತಾರೆ. ಕೆಲವರದ್ದರಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಜರ್ಮನಿಯ ಯಾವ ಅರ್ಜಿ ತೆಗೆದರೂ ಎರಡು ಜಾಗ: ಫೋರ್‌ನಾಮೆ ಅಂದರೆ ಇಟ್ಟ ಹೆಸರು, ನಾಖ್‌ನಾಮೆ ಅಂದರೆ ಮನೆತನದ ಹೆಸರು. ಸರ್‌ನೇಮ್ ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಥರ ತುಂಬಿಕೊಳ್ಳುತ್ತಾರೆ. ಆಮೇಲೆ ಬ್ಯಾಂಕಿನಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು.

ಹಾಗಾಗಿ ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಖಾಲಿ ಇದ್ದರೆ ತುಂಬಿಸಿಕೊಳ್ಳಿ. ಅಂಕಪಟ್ಟಿಯ ಹೆಸರು, ಪಾಸ್‌ಪೋರ್ಟಿನ ಹೆಸರು ಎರಡೂ ಒಬ್ಬರದ್ದೇ ಎಂದು ನೋಟರಿ ಹತ್ತಿರ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ ಜೊತೆಗೆ ಇಟ್ಟುಕೊಳ್ಳಿ.

ಇಳಿದ ದಿನ: ಪೋಸ್ಟ್ ಡಬ್ಬಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹಾಸನದಲ್ಲಿ 'ಸಾಲಗಾಮೆ ರಸ್ತೆ, ನೀರಿನ ಟ್ಯಾಂಕ್ ಹಿಂದೆ' ಎಂದು ಬರೆದರೂ ಪೋಸ್ಟ್‌ಮನ್ ಹುಡುಕಿಕೊಂಡು ಬಂದು ಕೊಡುತ್ತಾರೆ. ಅಲ್ಲಿ ರಸ್ತೆ ಹೆಸರು, ಕಟ್ಟಡದ ನಂಬರ್ ಅಷ್ಟೇ. ಒಳಗೆ ಹತ್ತು ಮನೆ ಇದ್ದರೂ ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ ನಂಬರ್ ಇರುವುದಿಲ್ಲ. ಕೆಳಗೆ ಸಾಲಾಗಿ ತಗಡಿನ ಡಬ್ಬಿಗಳು, ಒಂದೊಂದರ ಮೇಲೆ ಒಂದು ಹೆಸರು. ಹೆಸರು ಸಿಕ್ಕಿದರೆ ಕಾಗದ ಒಳಗೆ, ಸಿಗದಿದ್ದರೆ ವಾಪಸ್.

ನಾನು ಹೋದಾಗ ಡಬ್ಬಿಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಇತ್ತು. ವಿಳಾಸದಲ್ಲಿ 'ಮೂರನೇ ಮಹಡಿ, ಬಲಗಡೆ ಬಾಗಿಲು' ಎಂದು ಬರೆದಿದ್ದೆ, ಸಾಕು ಅಂದುಕೊಂಡೆ. ಅಲ್ಲಿ ಬ್ಯಾಂಕಿನವರು ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದು ಲಕೋಟೆಯಲ್ಲಿ ಕಳಿಸುತ್ತಾರೆ. ಎರಡೂ ವಾಪಸ್ ಹೋದವು. ಹನ್ನೆರಡು ದಿನ ಗೆಳೆಯನ ಹತ್ತಿರ ಸಾಲ ಮಾಡಿ ಬ್ರೆಡ್ಡು ತಿಂದೆ. ಆಮೇಲೆ ಕೆಳಗಿನ ಮನೆಯ ಅಜ್ಜಿ ಡಬ್ಬಿ ತೋರಿಸಿ, ಬೆರಳಿನಲ್ಲಿ ಬರೆಯುವ ಹಾಗೆ ಸನ್ನೆ ಮಾಡಿದರು. ಆಗ ಅರ್ಥವಾಯಿತು.

ಮಾಡಬೇಕಾದ್ದು ಇಷ್ಟೇ. ಒಂದು ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ, ದೊಡ್ಡ ಅಕ್ಷರದಲ್ಲಿ. ಮಳೆಗೆ ಹಾಳಾಗದಂತೆ ಮೇಲೆ ಸೆಲ್ಲೋ ಟೇಪ್ ಹಾಕಿ. ಡಬ್ಬಿಗೆ ಒಂದು, ಬಾಗಿಲ ಕಾಲಿಂಗ್ ಬೆಲ್‌ಗೆ ಇನ್ನೊಂದು. ಅಂಟಿಸುವ ಮುಂಚೆ ಮಾಲೀಕರಿಗೆ ಅಥವಾ ಕಟ್ಟಡ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿ. ಬೇರೆಯವರ ಹೆಸರಿನ ಮನೆಯಲ್ಲಿ ಕೆಲವು ದಿನ ಇದ್ದರೆ, ವಿಳಾಸದಲ್ಲಿ ನಿಮ್ಮ ಹೆಸರಿನ ಕೆಳಗೆ 'ಬೈ' (bei) ಎಂದು ಜರ್ಮನ್‌ನಲ್ಲಿ ಬರೆದು ಅವರ ಹೆಸರು ಹಾಕಿ. ಅವರ ಮನೆಯಲ್ಲಿ ಎಂದು ಅದರ ಅರ್ಥ.

ಎರಡು ವಾರದೊಳಗೆ: ಆನ್‌ಮೆಲ್ಡುಂಗ್

ಮನೆಗೆ ಸೇರಿದ ಎರಡು ವಾರದಲ್ಲಿ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದು ಕಾನೂನು. ಪಾಸ್‌ಪೋರ್ಟ್ ಜೊತೆಗೆ, ನೀವು ಅಲ್ಲಿ ಇದ್ದೀರಿ ಎಂದು ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಕೀ ಕೊಡುವ ದಿನವೇ ಆ ಪತ್ರ ಕೇಳಿ ಪಡೆಯಿರಿ. ದೊಡ್ಡ ಊರುಗಳಲ್ಲಿ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್, ಬೇಗ ಸಿಗುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆ ವೆಬ್‌ಸೈಟ್ ನೋಡುತ್ತಿರಿ, ಯಾರಾದರೂ ಬಿಟ್ಟ ಸಮಯ ಸಿಗಬಹುದು. ಸಿಗದಿದ್ದರೆ, ಪ್ರಯತ್ನಪಟ್ಟಿದ್ದಕ್ಕೆ ಗುರುತಾಗಿ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇದಾದ ಮೇಲೆ ಕಾಗದಗಳು ಬರಲು ಶುರುವಾಗುತ್ತವೆ. 11 ಅಂಕಿಯ ತೆರಿಗೆ ನಂಬರ್ ಬರುತ್ತದೆ, ಪಾರ್ಟ್‌ಟೈಮ್ ಕೆಲಸಕ್ಕೆ ಅದು ಬೇಕು. ಜೋಪಾನ. ರೇಡಿಯೋ ಟೀವಿ ಶುಲ್ಕ ತಿಂಗಳಿಗೆ 18.36 ಯೂರೋ ಕಟ್ಟಿ ಎಂದೂ ಬರುತ್ತದೆ. ಮನೆಯಲ್ಲಿ ಟೀವಿ ಇಲ್ಲ ಎಂದು ಸುಮ್ನೆ ಬಿಡಬೇಡಿ, ಬಾಕಿ ಬೆಳೆಯುತ್ತದೆ. ಆದರೆ ಇದು ತಲೆಗೆ ಒಂದಲ್ಲ, ಮನೆಗೆ ಒಂದು. ಜೊತೆಯಲ್ಲಿ ಇರುವ ಒಬ್ಬರು ಕಟ್ಟುತ್ತಿದ್ದರೆ ಆ ಶುಲ್ಕಕ್ಕೆ ಅವರಿಗೆ ಕೊಟ್ಟಿರುವ ನಂಬರ್ ಬರೆದು ಉತ್ತರ ಹಾಕಿ, ಹಣ ಹಂಚಿಕೊಳ್ಳಿ.

ಫೋನಿಗೆ ಪ್ರಿಪೇಯ್ಡ್ ಸಿಮ್ಮೇ ಸಾಕು. ಅಗ್ಗ ಎಂದು 24 ತಿಂಗಳ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದರೆ ಮಧ್ಯದಲ್ಲಿ ಬಿಡಿಸಿಕೊಳ್ಳುವುದು ಕಷ್ಟ.

ಅಡುಗೆಮನೆ, ಭಾನುವಾರ

ಲಗೇಜಿನಲ್ಲಿ ತುಪ್ಪ, ಪೇಡ ಇಡಬೇಡಿ. ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನಲ್ಲಿ ಬಿಡುವುದಿಲ್ಲ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ತೆಂಗಿನಕಾಯಿಗೆ, ಬಾಳೆಹಣ್ಣಿಗೆ ಬೇಡ. ನಮ್ಮ ಮಿಕ್ಸಿ ಅಲ್ಲಿನ 230 ವೋಲ್ಟಿಗೆ ಸರಿಹೋಗುತ್ತದೆ, ಮೂರು ಪಿನ್ ಮಾತ್ರ ಕೂರುವುದಿಲ್ಲ. ಅರ್ತಿಂಗ್ ಇರುವ ಅಡಾಪ್ಟರ್ ತೆಗೆದುಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ಭಾನುವಾರ ಇಡೀ ದಿನ, ಸದ್ದು ಮಾಡುವ ಹಾಗಿಲ್ಲ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರವೇ ಅಕ್ಕಿ, ತರಕಾರಿ, ಮಾತ್ರೆ ತಂದಿಡಿ.

ಆಲೂಗಡ್ಡೆ ವಿಷಯ ಹೇಳಲೇಬೇಕು, ನಮ್ಮದು ಆಲೂಗಡ್ಡೆ ಬೆಳೆಯುವ ಊರು. ಅಲ್ಲಿ ಚೀಲದ ಮೇಲೆ ಎರಡು ಮಾತು ನೋಡಿ. 'ಫೆಸ್ಟ್‌ಕೊಖೆಂಡ್' ಇದ್ದರೆ ಬೆಂದರೂ ಹೋಳು ಗಟ್ಟಿ ಇರುತ್ತದೆ, ಸಾಂಬಾರಿಗೆ ಹಾಕಿ. ಮಸಾಲೆ ದೋಸೆಯ ಪಲ್ಯಕ್ಕೆ 'ಮೇಲಿಷ್‌ಕೊಖೆಂಡ್' ತನ್ನಿ, ಹಿಟ್ಟಿನ ಹಾಗೆ ಒಡೆಯುತ್ತದೆ. ಇದು ಗೊತ್ತಾದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಸಂಜೆ ನಾಲ್ಕೂವರೆಗೆಲ್ಲ ಅಲ್ಲಿ ಕತ್ತಲೆ. ಆ ಹೊತ್ತಿಗೆ ಇಲ್ಲಿ ರಾತ್ರಿ ಒಂಬತ್ತು, ನೀವು ಊಟ ಮುಗಿಸಿರುತ್ತೀರಿ. ಆಗ ಒಂದು ಫೋನ್ ಮಾಡಿ. ಮಗಳು 'ಒಂದು ಕಾಗದಕ್ಕೆ ಮೂರು ಸಲ ಅಲೆದೆ' ಅಂದರೆ 'ಅಷ್ಟಕ್ಕೆಲ್ಲ ಯಾಕೆ ಬೇಜಾರು' ಅನ್ನಬೇಡಿ. ಸುಮ್ನೆ ಕೇಳಿಸಿಕೊಳ್ಳಿ. ಅವತ್ತು ಅವಳ ಕಷ್ಟ ಅದೇ ಅಲ್ವಾ.

ವಾಪಸ್ ಬರುವಾಗ

ದೇಶ ಬಿಡುವ ಮುಂಚೆ ಅಬ್‌ಮೆಲ್ಡುಂಗ್ ಮಾಡಿಸಿ, ಅಂದರೆ ವಿಳಾಸ ರದ್ದು. ಮನೆ ಬಿಡುವುದಕ್ಕೆ ಒಂದು ವಾರ ಇರುವಾಗಿನಿಂದ ಮಾಡಿಸಬಹುದು. ಆ ಪತ್ರದ ಪ್ರತಿಯನ್ನು ರೇಡಿಯೋ ಶುಲ್ಕದವರಿಗೂ ವಿಮೆಯವರಿಗೂ ಕಳಿಸಿ, ಇಲ್ಲದಿದ್ದರೆ ಬಿಲ್ ನಿಲ್ಲುವುದಿಲ್ಲ. ಡಬ್ಬಿಯ ಮೇಲಿನ ಹೆಸರನ್ನು ಮಾತ್ರ ತಕ್ಷಣ ಕೀಳಬೇಡಿ. ಅಡ್ವಾನ್ಸ್ ಲೆಕ್ಕದ ಕಾಗದ ಆಮೇಲೂ ಬರಬಹುದು. ಹೊಸದಾಗಿ ಬರುವವರನ್ನು ಕೇಳಿಕೊಂಡು ಅವರ ಹೆಸರಿನ ಕೆಳಗೆ ನಿಮ್ಮದನ್ನೂ ಕೆಲವು ವಾರ ಬಿಡಿ, ಬಂದ ಕಾಗದದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ.