ಪವನಾ ರಸ್ತೆದಾಗ ನಮ್ಮ ಕಟ್ಟಿಗಿ ಸ್ಟ್ಯಾಂಡು, ಮಾರವ್ರು ಯಾರೂ ನಿಂದ್ರೂದಿಲ್ಲ

ರಸ್ತೆ ಬಾಜೂಕ ಕಟ್ಟಿಗಿ ಕಟ್ಟು ಇಟ್ಟಿರ್ತೀನಿ, ಕ್ಯಾಂಪಿಗೆ ಹೋಗೋರು ತಾವ ತಗೊಂಡು ರೊಕ್ಕ ಪೆಟಿಗ್ಯಾಗ ಹಾಕಿ ಹೋಗ್ತಾರ. ಇದನ್ನ ಕೇಳಿದ ಎಲ್ಲಾರೂ ಮೊದಲ ಕೇಳೂದು ಒಂದ, "ಕಳವು ಆಗೂದಿಲ್ಲೇನ್ರಿ?" ಆಗ್ತದ. ಆದ್ರ ನೀವು ಅನ್ಕೊಂಡಷ್ಟು ಆಗೂದಿಲ್ಲ, ಮತ್ತ ಈ ಧಂದೆದಾಗ ರೊಕ್ಕ ಹೋಗೂದು ಕಳವಿನ ದಾರೀಲೆ ಅಲ್ಲ, ಹಸಿ ಕಟ್ಟಿಗಿ ದಾರೀಲೆ. ಒಮ್ಮೆ ಹೊಗಿ ತಿಂದ ಗಿರಾಕಿ ಮುಂದಿನ ಸಲ ಗಾಡಿ ನಿಂದ್ರಸೂದಿಲ್ಲ, ಅಂವ ತನ್ನ ಗ್ರೂಪಿನ್ಯಾಗ ಹತ್ತು ಮಂದಿಗೂ ಹೇಳ್ತಾನ. ಒಂದು ಕಟ್ಟು ಕಳವಾದ್ರ ಹೋಗೂದು ಒಂದ ಕಟ್ಟು.

ನಾವು ಮೂಲ ಇಂಡಿ ಕಡೆಯವ್ರು. ಅಪ್ಪ ಪುಣೆ ಹತ್ರದ ತಳೇಗಾಂವಕ್ಕ ಕಂಪನಿ ಕೆಲಸಕ್ಕ ಬಂದವ್ರು ಇಲ್ಲೇ ಉಳದ್ರು, ನಾ ಈಗ ಕಾಮಶೇತದಿಂದ ಪವನಾನಗರಕ್ಕ ಹೋಗೋ ರಸ್ತೆಗೆ ಹತ್ತಿದ ಬಾಡಿಗಿ ಮನ್ಯಾಗ ಇರ್ತೀನಿ. ಪವನಾ ಡ್ಯಾಮಿನ ಹಿನ್ನೀರ ಸುತ್ತ ಟೆಂಟ್ ಕ್ಯಾಂಪ್ ಎಷ್ಟ್ ಅದಾವ ಅಂತ ಪುಣೆದಾಗ ಇರೋರಿಗೆ ಹೇಳೂದ ಬ್ಯಾಡ. ದೀಪಾವಳಿ ಮುಗೀತು ಅಂದ್ರ ಶನಿವಾರ ಮಧ್ಯಾಹ್ನದಿಂದ ಎಂ.ಎಚ್. 12, ಎಂ.ಎಚ್. 14, ಮುಂಬೈದ ಎಂ.ಎಚ್. 02 ನಂಬರಿನ ಗಾಡಿ ಎಲ್ಲಾ ನಮ್ಮ ಬಾಗಿಲ ಮುಂದ ಹಾದು ತುಂಗ, ತಿಕೋನಾ ಕ್ವಾಟಿ ಕಡೆ ಹೋಗ್ತಾವ. ಅವ್ರ ಎಲ್ಲಾರ ತಲ್ಯಾಗ ರಾತ್ರಿ ಬೆಂಕಿ ಹಚ್ಚಿ ಸುತ್ತ ಕುಂದ್ರೂದ ಇರ್ತದ, ಕಟ್ಟಿಗಿ ಮಾತ್ರ ಯಾರ ಹತ್ರಾನೂ ಇರೂದಿಲ್ಲ. ಮನಿ ಮುಂದಿನ ಖಾಲಿ ಜಾಗಾ ಮನಿ ಮಾಲೀಕರದ್ದ, ನಾವು ಕಾಕಾ ಅಂತೀವಿ, ಅವ್ರಿಗೆ ಕೇಳಿ ಬಾಡಿಗಿ ಸ್ವಲ್ಪ ಏರಿಸಿಕೊಟ್ಟು ಅಲ್ಲೇ ಹಾಕೀನಿ. ರಸ್ತೆ ಸರ್ಕಾರದ್ದು, ಅದರ ಅಂಚಿನ ಮ್ಯಾಲ ಇಡಬ್ಯಾಡ್ರಿ, ನಾಳೆ ಯಾರರ ಬಂದು ತೆಗಿ ಅಂದ್ರ ಮಾತಾಡಾಕ ಬಾಯಿ ಇರೂದಿಲ್ಲ. ಮತ್ತ ಗಾಡಿ ರಸ್ತೆ ಬಿಟ್ಟು ಪೂರಾ ಒಳಗ ಬಂದು ನಿಂದ್ರೋವಷ್ಟು ಜಾಗಾ ಬೇಕ, ತಿರುವಿನ್ಯಾಗ ಅಂತೂ ಬ್ಯಾಡ್ರಿ.

ಕಟ್ಟಿಗಿ ಎಲ್ಲಿಂದ ತರೂದು ಅನ್ನೋದರಾಗ ಕಾಯದೆ ತಿಳ್ಕೋಬೇಕು. ಮಹಾರಾಷ್ಟ್ರದಾಗ ಖಾಸಗಿ ಹೊಲದಾಗಿನ ಗಿಡಕ್ಕೂ 1964ರ ಗಿಡ ಕಡಿಯೋ ಕಾಯದೆ ಅದ, ಸಾಗವಾನಿ, ಮಾವು, ಹಲಸು, ಹುಣಸಿ, ನೇರಳಿ, ಗಂಧ, ಇವೆಲ್ಲ ಆ ಪಟ್ಟಿದಾಗ ಬರ್ತಾವ, ಸ್ವಂತ ಹೊಲದಾಗ ಇದ್ರೂ ಪರವಾನಗಿ ಇಲ್ಲದ ಕೊಡಲಿ ಹಚ್ಚೂ ಹಂಗಿಲ್ಲ. ನಾ ಅದಕ್ಕ ಆ ಗೊಡವಿಗೇ ಹೋಗೂದಿಲ್ಲ, ರೈತರು ಬದುವಿನ ಮ್ಯಾಲ ಬೆಳದ ಸುಬಾಬುಲ್, ಜಾಲಿ ತೆಗೆಸೋವಾಗ ತಗೋತೀನಿ. ಕೊಟ್ಟ ರೈತರ ಸಾತ್‌ಬಾರಾದ (ಹೊಲದ ಉತಾರದ) ಜೆರಾಕ್ಸ್ ಒಂದು, ಇಷ್ಟು ಕಟ್ಟಿಗಿ ಇಂಥವ್ರಿಗೆ ಕೊಟ್ಟೀನಿ ಅಂತ ಒಂದು ಚೀಟಿ ಬರಿಸಿ ಇಟ್ಕೋತೀನಿ, ಟೆಂಪೋ ಹೊಂಡೂಕಿಂತ ಮೊದಲ ಫಾರೆಸ್ಟಿನವ್ರಿಗೆ ಪಾಸ್ ಬೇಕೇನು ಬ್ಯಾಡೇನು ಅಂತ ಕೇಳೇ ಹೊಂಡಸ್ತೀನಿ. ಕಾಡಿನ ಕಟ್ಟಿಗಿ ಮಾತ್ರ ಎಷ್ಟ್ ಅಗ್ಗಾ ಕೊಟ್ರೂ ಬ್ಯಾಡ.

ಈಗ ಕಟ್ಟಿಗಿ ಜಾತಿ. ಜಾಲಿ ಎಲ್ಲಾಕ್ಕಿಂತ ಛಲೋ, ಗಟ್ಟಿ, ನಿಧಾನ ಉರೀತದ, ಕೆಂಡ ಭಾಳೊತ್ತು ಇರ್ತದ, ಚಿಕನ್ ಸುಡೋರಿಗೆ ಅದ ಬೇಕು, ಆದ್ರ ಮುಳ್ಳು ಅದಾವ, ಒಣಗಾಕ ಭಾಳ ದಿನ ಹಿಡೀತದ, ಒಣಗಿದ ಮ್ಯಾಲ ಸೀಳಾಕ ಹೋದ್ರ ಕೊಡಲಿ ಪುಟದ ವಾಪಸ್ ಬರ್ತದ. ಸುಬಾಬುಲ್ ಹಸಿ ಇದ್ದಾಗ ಒಂದ ಏಟಿಗೆ ಸೀಳ್ತದ, ಲಗೂ ಒಣಗ್ತದ, ಲಗೂ ಹತ್ತಿಕೋತದ. ನೀಲಗಿರಿ ನಾರು ತಿರುವಿಕೊಂಡಿರ್ತದ, ಸೀಳೋವ್ನ ಭುಜಾ ಹೋಗ್ತದ. ಬಿದರು ಇಡೂದ ಇಲ್ಲ, ಗೆಣ್ಣಿನ ನಡುವ ಗಾಳಿ ಕಾದು ಪಟಾಕಿ ಹೊಡದಂಗ ಒಡೀತದ, ಮಕ್ಕಳು ಸುತ್ತ ಕುಂತಿರ್ತಾವ. ನಾ ಕಟ್ಟೂದು ಅರ್ಧ ಜಾಲಿ ಅರ್ಧ ಸುಬಾಬುಲ್, ಒಂದು ಹತ್ತಿಕೊಳ್ಳಾಕ ಒಂದು ನಿಂದ್ರಾಕ.

ಒಣಗಸೂದ ಈ ಧಂದೆದ ಎಂಬತ್ತು ಪರ್ಸೆಂಟ್ ಕೆಲಸ ಅಂತ ನಾ ಹೇಳ್ತೀನಿ. ಈಗಷ್ಟ ಕಡದ ಕಟ್ಟಿಗಿದಾಗ ಹೆಚ್ಚುಕಮ್ಮಿ ಅರ್ಧ ತೂಕ ನೀರ ಇರ್ತದ. ಅದಕ್ಕ ಬೆಂಕಿ ಹಚ್ಚಿದ್ರ ಆ ಕಾವೆಲ್ಲ ಮೊದಲ ನೀರು ಕುದಿಸಿ ಆವಿ ಮಾಡಾಕ ಹೋಗ್ತದ, ಉರಿಗೆ ಬೇಕಾದಷ್ಟು ಬಿಸಿ ಉಳಿಯೂದಿಲ್ಲ, ಕಟ್ಟಿಗಿಯಿಂದ ಹೊಂಟ ಗ್ಯಾಸ್ ಸುಡದ ಹಂಗ ಹೊರಗ ಬರ್ತದ, ಅದ ಹೊಗಿ. ಒಳಗಿನ ನೀರು 20 ಪರ್ಸೆಂಟಿಗಿಂತ ಕೆಳಗ ಬಂದ್ರ ಮಾತ್ರ ಮಾರೂ ಮಾಲು. ಅದಕ್ಕ ನಂದು ಉಲ್ಟಾ ಕ್ಯಾಲೆಂಡರು, ಥಂಡಿದಾಗ ಮಾರ್ತೀನಿ, ಜನವರಿ-ಫೆಬ್ರವರಿದಾಗ ಮುಂದಿನ ವರ್ಷದ ಮಾಲು ತಗೋತೀನಿ, ಹಸಿ ಇದ್ದಾಗ ಸೀಳಿಸಿ ಮಾರ್ಚಿಯಿಂದ ಮೇ ತನಕಾ ಬಿಸಲಿಗೆ ಇಡ್ತೀನಿ. ಸೀಳದ ಇಡಿ ಕೊರಡ ಇಟ್ರ ತೊಗಟಿ ಒಳಗ ನೀರ ಹಂಗ ಕುಂದರ್ತದ, ಹೊರಗ ಎಷ್ಟ್ ಒಣಗಿದ್ರೂ ನಡುವ ಹಸಿ.

ನೆಲದ ಮ್ಯಾಲ ಒಟ್ಟಬ್ಯಾಡ್ರಿ, ಗೆದ್ದಲ ಹತ್ತತಾವ, ಕೆಳಗಿಂದ ಥಂಡಿ ಏರ್ತದ. ತಳೇಗಾಂವ-ಚಾಕಣ ಎಂ.ಐ.ಡಿ.ಸಿ. ಕಾರ್ಖಾನಿಗಳ ಕಡೆ ಗುಜರಿ ಮಾಲಿನವ್ರ ಹತ್ರ ಮುರಕಲಾ ಪ್ಯಾಲೆಟ್, ಅಂದ್ರ ಮಾಲು ಇಡೂ ಕಟ್ಟಿಗಿ ಹಲಗಿ ಚೌಕಟ್ಟು, ಸಿಗ್ತಾವ, ಅವನ್ನ ಹಾಸಿ ಮ್ಯಾಲ ಒಟ್ಟೀನಿ. ತಾಡಪತ್ರಿ ನೆತ್ತಿಗೆ ಅಷ್ಟ, ನಾಕೂ ಕಡೆ ಬಿಟ್ಟಿರಬೇಕು, ಪೂರಾ ಮುಚ್ಚಿದ್ರ ಒಳಗ ಬೆವತು ಬೂಸ್ಟು ಹಿಡೀತದ. ಪ್ಯಾಲೆಟ್ ಹೇಳಿದ್ನಲ್ಲ, ಅವು ಫಾರಿನ್ ಮಾಲಿನ ಜೋಡಿ ಬಂದವು ಇದ್ರ ಮ್ಯಾಲ ಶಿಕ್ಕಾ ಇರ್ತದ, ಎಚ್.ಟಿ. ಅಂದ್ರ ಬರೇ ಕಾವು ಕೊಟ್ಟಿದ್ದು, ಎಂ.ಬಿ. ಅಂದ್ರ ಮಿಥೈಲ್ ಬ್ರೋಮೈಡ್ ಅನ್ನೋ ವಿಷದ ಗ್ಯಾಸ್ ಹೊಡದಿದ್ದು. ಎಚ್.ಟಿ. ಇದ್ದ ಪೈನ್ ಪಟ್ಟಿ ಮುರದ್ರ ಅದರಂಥ ಹತ್ತಸೂ ಪುಳ್ಳಿ ಇನ್ನೊಂದಿಲ್ಲ, ರಾಳ ಇರ್ತದ, ಭಗ್ ಅಂತದ. ಎಂ.ಬಿ. ಶಿಕ್ಕಾದ್ದು, ಶಿಕ್ಕಾನ ಇಲ್ಲದ್ದು, ಬಣ್ಣ ಹಚ್ಚಿದ್ದು, ಪ್ಲೈವುಡ್ಡು, ಇವು ಯಾವೂ ಕಟ್ಟಿನ್ಯಾಗ ಹೋಗೂ ಹಂಗಿಲ್ಲ, ಅದರ ಹೊಗಿ ಮ್ಯಾಲ ಯಾರೋ ಪನೀರ್ ಸುಡ್ತಿರ್ತಾರ.

ಮಳಿಗಾಲ ನಮ್ಮ ಈ ಮಾವಳ ತಾಲೂಕಿಂದು, ಲೋಣಾವಳಾ ಕಡಿ ಮಳಿ ಹೆಂಗಿರ್ತದ ಅಂತ ಗೊತ್ತಲ್ಲ, ಜೂನ್ ಮೊದಲ ವಾರದೊಳಗ ಎಲ್ಲಾ ಪತ್ರಾಸ ಶೆಡ್ಡಿನ್ಯಾಗ ಹೋಗಬೇಕು. ಆದ್ರೂ ನಾಕು ತಿಂಗಳ ಆ ಗಾಳ್ಯಾಗ ಒಣಾ ಕಟ್ಟಿಗೀನೂ ಥಂಡಿ ಹೀರ್ಕೋತದ. ಅದಕ್ಕ ಅಕ್ಟೋಬರ್ ಬಿಸಲ ಬಿದ್ದ ಕೂಡಲೆ ಮತ್ತೊಮ್ಮೆ ಹೊರಗ ಹರವಬೇಕು, ಇದನ್ನ ಬಿಟ್ರ ವರ್ಷದ ದುಡಿಮಿ ಹಾಳು. ಹರವೂವಾಗ ಕೈಗವಸು, ಕಾಲಾಗ ಬೂಟು ಬೇಕ ಬೇಕ, ಒಟ್ಟಿಲೊಳಗ ಚೇಳು ಇದ್ದ ಇರ್ತಾವ, ಫುರ್ಸಾ ಅನ್ನೋ ಸಣ್ಣ ವಿಷದ ಹಾವಿಗೂ ಅದ ಜಾಗಾ ಸೇರ್ತದ.

ಒಣಗೇದ ಇಲ್ಲೋ ಅನ್ನಾಕ ಆನ್‌ಲೈನದಾಗ ಎಷ್ಟು ಪರ್ಸೆಂಟ್ ನೀರ ಅದ ಅಂತ ತೋರಸೋ ಎರಡು ಸೂಜಿದ ಮಾಯಿಶ್ಚರ್ ಮೀಟರ್ ಸಿಗ್ತದ, ಭಾಳ ತುಟ್ಟಿ ಏನಲ್ಲ. ಆದ್ರ ಮಂದಿ ಅದನ್ನ ಕಟ್ಟಿಗಿ ಹೊರಮೈಗೆ ಚುಚ್ಚಿ 12 ಬಂತು 14 ಬಂತು ಅಂತ ಖುಷಿ ಪಡ್ತಾರ. ಹಂಗಲ್ಲ, ಒಟ್ಟಿಲ ನಡುವಿನ ದಪ್ಪನ್ನ ತುಂಡು ತಗೀರಿ, ಅದನ್ನ ಅಲ್ಲೇ ಮತ್ತ ಸೀಳ್ರಿ, ಆ ಹೊಸಾ ಮುಖದ ನಟ್ಟ ನಡುವ ನಾರಿನ ಗುಂಟ ಎರಡೂ ಸೂಜಿ ಒತ್ರಿ, ಹೊರಗ 12 ಇದ್ದದ್ದು ಅಲ್ಲಿ 26 ತೋರಸ್ತದ, ಅದು ಖರೇ ಲೆಕ್ಕ. ನಮ್ಮ ಅತ್ತಿಯವ್ರಿಗೆ ಮೀಟರ್ ಬೇಕಿಲ್ಲ, ಎರಡು ತುಂಡು ಒಂದಕ್ಕೊಂದು ಬಡಿದು ಠಣ್ ಅಂದ್ರ ಒಣದ್ದು ಅಂತ ಈ ಕಡೆ, ದಬ್ ಅಂದ್ರ ಹಸೀದು ಅಂತ ಆ ಕಡೆ ಒಗೀತಾರ. "ಏಯ್ ಅಳಿಯಾ, ಇದು ಇನ್ನಾ ಹಸಿ ಅದಪಾ, ಕಿವ್ಯಾಗ ಕೇಳ್ಸೂದಿಲ್ಲೇನ" ಅಂತಾರ, ನಾ ಚುಚ್ಚಿ ನೋಡಿದ್ರ ಹೆಚ್ಚಿನ ಸಲ ಅವ್ರದ್ದ ಖರೆ ಇರ್ತದ.

ಕಟ್ಟೂದು ಪೂರಾ ಒಣಗಿದ ಮ್ಯಾಲ. ಮೊದಲ ಕಟ್ಟಿಟ್ರ ಒಳಗಿಂದು ಒಣಗೂದಿಲ್ಲ, ಹೊರಗಿಂದು ಒಣಗಿ ಸಣ್ಣಗಾಗಿ ಸುತಳಿ ಜೋತು ಬೀಳ್ತದ, ಗಿರಾಕಿ ಎತ್ತಿದ ಕೂಡಲೆ ಕಾಲ ಮ್ಯಾಲ ಸುರೀತದ. ವೆಲ್ಡಿಂಗ್ ಅಂಗಡ್ಯಾಗ ಕಬ್ಬಿಣದ ಸಳಿ ಬಾಗಿಸಿ ಯು ಆಕಾರದ ಎರಡು ಕವಚ ಮಾಡಿಸೀನಿ, ಒಂದು ಸಣ್ಣ ಕಟ್ಟಿನ ಅಳತಿದು ಒಂದು ದೊಡ್ಡ ಕಟ್ಟಿನ ಅಳತಿದು, ಅದು ತುಂಬೂ ತನಕಾ ಇಟ್ರ ಆತು, ತಕ್ಕಡಿ ಗೋಜಿಲ್ಲ, ಒಂದು ಕಟ್ಟಿಗೂ ಇನ್ನೊಂದಕ್ಕೂ ಫರಕ್ ಬರೂದಿಲ್ಲ. ತುಂಡು 14 ಇಂಚು, ಕ್ಯಾಂಪಿನವ್ರು ಇಡೂ ಬೆಂಕಿ ಕಡಾಯಿಗೆ ಅಷ್ಟ ಹಿಡಿಸ್ತದ. ನಡುವ ಒಂದು ಹಿಡಿ ಪುಳ್ಳಿ, ಒಂದು ತೆಂಗಿನ ಚಿಪ್ಪು. ಸುತಳಿ ಸೆಣಬಿಂದ, ಪ್ಲಾಸ್ಟಿಕ್ ಬ್ಯಾಡ, ಮಂದಿ ಅದನ್ನ ಬಿಚ್ಚೂದಿಲ್ಲ, ಕಟ್ಟಿಗಿ ಜೋಡೀನ ಬೆಂಕಿಗೆ ಹಾಕ್ತಾರ.

ಸ್ಟ್ಯಾಂಡ್ ಅಂದ್ರ ಏನ ದೊಡ್ಡದಲ್ಲ, ಕಬ್ಬಿಣದ ಆಂಗಲ್ಲಿನ ಚೌಕಟ್ಟು, ಮ್ಯಾಲ ಪತ್ರಾಸು, ಎರಡು ಮಾಳಗಿ. ಕೆಳಗಿನ ಸಾಲಿನ್ಯಾಗ ದೊಡ್ಡವು 200, ಮ್ಯಾಲಿನ ಸಾಲಿನ್ಯಾಗ ಸಣ್ಣವು 100. ಈ ರೇಟು ವಿಚಾರ ಮಾಡೇ ಇಟ್ಟದ್ದು, ಎರಡಕ್ಕೂ ಒಂದೊಂದ ನೋಟು ಸಾಕು, ಚಿಲ್ಲರ ಕೊಡಾಕ ಅಲ್ಲಿ ಯಾರೂ ಇಲ್ಲಲ್ಲ. 130 ಅಂತ ಬರದ್ರ ಗಿರಾಕಿ 100 ಹಾಕಿ ಹೋಗ್ತಾನ, ಅಂವಂದೇನೂ ತಪ್ಪಲ್ಲ. ಬೋರ್ಡಿನ್ಯಾಗ ಮರಾಠಿ, ಹಿಂದಿ, ಇಂಗ್ಲಿಷಿನ್ಯಾಗ ಮೂರ ಮಾತು, ಕಟ್ಟು ತಗೋರಿ, ರೊಕ್ಕ ಪೆಟಿಗ್ಯಾಗ ಹಾಕ್ರಿ ಇಲ್ಲಾ ಸ್ಕ್ಯಾನ್ ಮಾಡ್ರಿ, ನೆಟ್‌ವರ್ಕ್ ಇಲ್ಲಂದ್ರ ಆಮ್ಯಾಲ ಈ ನಂಬರಿಗೆ ಹಾಕ್ರಿ. ಕೆಳಗ ಸಣ್ಣ ಅಕ್ಷರದಾಗ ಕನ್ನಡದಾಗೂ ಬರಸೀನಿ, ಹಿಂಜವಡಿ ಐಟಿ ಹುಡುಗ್ರು ಅದನ್ನ ನೋಡಿ ಹಾರ್ನ್ ಹೊಡದು "ಯಾವೂರ್ರೀ ಸರ" ಅಂತಾರ, ಚಹಾ ಆಗ್ತದ. ನೆಟ್‌ವರ್ಕಿನ ಆ ಸಾಲು ಮಾತ್ರ ಬಿಡಬ್ಯಾಡ್ರಿ, ಗುಡ್ಡದ ಸಂದ್ಯಾಗ ಯುಪಿಐ ಎಷ್ಟೋ ಸಲ ನಡಿಯೂದಿಲ್ಲ, ಭಾನುವಾರ ಸಂಜಿಗೆ ಕಾಮಶೇತ ದಾಟಿದ ಮ್ಯಾಲ ಟಣಾಟಣ ರೊಕ್ಕ ಬರ್ತದ.

ಕ್ಯೂಆರ್ ಬಗ್ಗೆ ಹುಷಾರು. ಅದರ ಮ್ಯಾಲ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗೋ ಕಳ್ಳರು ಎಲ್ಲಾ ಕಡೆ ಅದಾರ, ನಂದು ಅಕ್ರಿಲಿಕ್ ಹಿಂದ ಹಾಕಿ ಸ್ಕ್ರೂ ಬಿಗದೀನಿ, ಮ್ಯಾಲ ಅಂಟಿಸಿದ್ರ ಉಬ್ಬು ಕಾಣಸ್ತದ, ಬಾಜೂಕ ಸ್ಕ್ಯಾನ್ ಮಾಡಿದ್ರ ಯಾವ ಹೆಸರು ಬರಬೇಕು ಅಂತಾನೂ ಬರದೀನಿ. ಮುಂಜಾನೆ ಹೊರಗ ಹೋದಾಗ ನಾನ ಒಂದ್ ರೂಪಾಯಿ ಹಾಕಿ ನೋಡ್ತೀನಿ. ಸೌಂಡ್ ಬಾಕ್ಸ್ ಸ್ಟ್ಯಾಂಡಿನ್ಯಾಗ ಇಲ್ಲ, ಮನಿ ಅಡಗಿ ಕಟ್ಟಿ ಮ್ಯಾಲ ಅದ, ಭಾಷಾ ಕನ್ನಡ ಇಟ್ಟೀವಿ. ಅದು ಇನ್ನೂರು ರೂಪಾಯಿ ಅಂತ ಕೂಗಿದ ಕೂಡಲೆ ಅತ್ತಿ ಲಟ್ಟಣಿಗಿ ಹಿಡಕೊಂಡ ಕಿಡಕ್ಯಾಗ ಬಗ್ಗಿ ನೋಡ್ತಾರ, ಗಾಡ್ಯಾಗ ಹೋಗೂದು ದೊಡ್ಡದು ಒಂದೋ ಎರಡೋ ಅಂತ. ನಾ ಬ್ಯಾಡ ಅಂದ್ರೂ ಕೇಳೂದಿಲ್ಲ, ಅವ್ರಿಗೆ ಅದ ಟಿವಿ.

ಕಳವು ತಡಿಯಾಕ ನಾ ಕ್ಯಾಮೆರಾ ಹಾಕಿಲ್ಲ. ರೊಕ್ಕದ ಪೆಟಿಗಿ ಆಂಗಲ್ಲಿಗೆ ವೆಲ್ಡ್ ಮಾಡಿಸಿ ಕೀಲಿ ಹಾಕೀನಿ, ದಿನಾ ಸಂಜಿಗೆ ಖಾಲಿ ಮಾಡ್ತೀನಿ, ಪೆಟಿಗ್ಯಾಗ ಭಾಳ ರೊಕ್ಕ ಇಲ್ಲ ಅಂತ ಊರಿಗೆಲ್ಲಾ ಗೊತ್ತಿರಬೇಕು. ಮಾಲು ಎಲ್ಲಾ ಹೊರಗ ಇಡೂದಿಲ್ಲ, ಹತ್ತು-ಹನ್ನೆರಡು ಕಟ್ಟು, ಹೋದಂಗ ತುಂಬಸೂದು. ಗುಡ್ಡದಂಗ ಒಟ್ಟಿದ್ರ ಒಂದು ಹೋದ್ರ ಏನಾತು ಅನಸ್ತದ, ಎರಡ ಇದ್ರ ಯಾರೋ ಬಿಟ್ಟು ಹೋದ ಅಂಗಡಿ ಅನಸ್ತದ. ರೊಕ್ಕ ಹಾಕದ ತಗೊಂಡು ಹೋಗೋರು ಹೆಚ್ಚಾಗಿ ರಾತ್ರಿ ಹತ್ತರ ಮ್ಯಾಲ ಬರೋರ, ಅದಕ್ಕ ಕತ್ತಲಾದ ಮ್ಯಾಲ ಎರಡ ಕಟ್ಟು ಬಿಟ್ಟು ಒಳಗ ತರ್ತೀನಿ.

ಇನ್ನೊಂದು, ಊರಿನ ಹೆಣ್ಮಕ್ಕಳು ಪುಳ್ಳಿ ಹೊರಿ ಹೊತ್ಕೊಂಡು ಬಂದು ಚಹಾ ಹೋಟೆಲಿಗೆ, ಚೂಲಿ ಮ್ಯಾಲ ಭಾಕ್ರಿ ಮಾಡೋ ಧಾಬಾಕ್ಕ ಕೊಡ್ತಾರ. ಆ ಗಿರಾಕಿ ನಾ ಮುಟ್ಟೂದಿಲ್ಲ. ಬದಲಿಗೆ ಬದುವಿನ ಪುಳ್ಳಿ, ಕುಳ್ಳು ಅವ್ರಿಂದ ನಾನ ತಗೋತೀನಿ, ಹೋಳಿ ಹುಣ್ಣಿಮಿಗೆ ಕುಳ್ಳು ಸ್ಟ್ಯಾಂಡಿನ್ಯಾಗ ಇಟ್ರ ಸೊಸಾಯಿಟಿಯವ್ರು ಚೀಲಗಟ್ಟಲೆ ಒಯ್ತಾರ. ಊರವ್ರ ಹೊಟ್ಟಿ ಮ್ಯಾಲ ಹೊಡದು ರಸ್ತೆ ಮ್ಯಾಲ ಬಿಟ್ಟಿಟ್ಟ ಮಾಲು ಸುರಕ್ಷಿತ ಇರ್ತದ ಅನ್ಕೋಬ್ಯಾಡ್ರಿ.

ಲೆಕ್ಕಕ್ಕ ಬರೂಣು. ನೂರು ಕಿಲೋ ಹಸಿ ಕಟ್ಟಿಗಿ ತಂದ್ರ ಒಣಗೋದ್ರೊಳಗ 65-70 ಕಿಲೋ ಉಳೀತದ, ಉಳದದ್ದು ಗಾಳಿಗೆ ಹೋದಂಗ. ಕಿಲೋಕ 6 ರೂಪಾಯಿಗೆ ಹಸಿ ತಗೊಂಡ್ರ ಒಣದ್ದು ಸುಮಾರು 9 ರೂಪಾಯಿಗೆ ಬೀಳ್ತದ. 200ರ ಕಟ್ಟು ಸುಮಾರು 9 ಕಿಲೋ, ಅಂದ್ರ ಕಟ್ಟಿಗಿದ್ದ 80 ಆತು, ಸೀಳಾಕ, ಕಟ್ಟಾಕ, ಟೆಂಪೋಕ, ಸುತಳಿಗೆ ಅಂತ ಇನ್ನೊಂದು 45, ಉಳಿಯೂದು 75. ಕಳವು, ಹುಳ ಬಿದ್ದು ಹಿಟ್ಟಾದದ್ದು ಎಲ್ಲಾ ಅದರಾಗ ಕಳೀಬೇಕು. ಹಸೀದನ್ನ ಹಂಗ ಮಾರಿದ್ರ 54ಕ್ಕ ಮುಗೀತಿತ್ತಲ್ಲ ಅಂತ ಲೆಕ್ಕ ಹಾಕೋರು ಅದಾರ, ನಮ್ಮಿಂದ ಮುಂದ ಒಬ್ರು ಹಂಗ ಇಟ್ಟಿದ್ರು, ಒಂದ ಸೀಜನ್ ನಡೀತು. ಮನಿ ನಡೆಸಾಕ ಇದೊಂದ ಸಾಲೂದಿಲ್ಲ, ನನಗ ಕೆಲಸ ಅದ, ಇದು ವೀಕೆಂಡಿಂದು. ಕ್ಯಾಂಪಿನವ್ರು ಸಗಟು ಒಯ್ದ್ರ 200ರದ್ದು 165ಕ್ಕ ಕೊಡ್ತೀನಿ, ಅವ್ರು ಅದನ್ನ ಎಷ್ಟಕ್ಕ ಮಾರ್ತಾರೋ ನಾ ಕೇಳೂದಿಲ್ಲ.

ಫೆಬ್ರವರಿ ಅರ್ಧ ಆದ ಮ್ಯಾಲ ಹುಲ್ಲು ಒಣಗಿ ಗುಡ್ಡಕ್ಕ ಕಿಚ್ಚು ಬೀಳೋ ಕಾಲ, ಆವಾಗ ಬೋರ್ಡಿಗೆ ಇನ್ನೊಂದು ಹಲಗಿ ಜೋತು ಬಿಡ್ತೀನಿ, ಬೆಂಕಿ ಕಡಾಯ್ಯಾಗ ಅಷ್ಟ, ಬಾಜೂಕ ನೀರಿನ ಬಕೀಟು, ಮಲಗೂಕಿಂತ ಮೊದಲ ಬೂದಿಗೆ ಕೈ ಹಿಡದ್ರ ಥಣ್ಣಗ ಇರಬೇಕು. ಲೋಹಗಡಕ್ಕ ಒಯ್ತೀವಿ ಅಂದವ್ರಿಗೆ ಎದರಿಗೆ ಸಿಕ್ರ ಕೊಡೂದಿಲ್ಲ, 2025ಕ್ಕ ಯುನೆಸ್ಕೋ ಪಟ್ಟಿಗೆ ಹತ್ತಿದ ಕ್ವಾಟಿ ಅದು, ಅಲ್ಲಿ ಬೆಂಕಿ ಹಚ್ಚಾಕ ನನ್ನ ಕಟ್ಟಿಗಿ ಯಾಕ. ಹೋಳಿ ಮುಗದ ಮ್ಯಾಲ ಉಳದ ಕಟ್ಟು ಬಿಚ್ಚಿ ಅರ್ಧ ರೇಟಿಗೆ ಧಾಬಾದವ್ರಿಗೆ ಹಾಕಿ, ಪ್ಯಾಲೆಟ್ ಖಾಲಿ ಮಾಡಿ ಹೊಸಾ ಮಾಲು ಒಟ್ಟಾಕ ಶುರು. ಈ ವರ್ಷ ಜಾಲಿ ಕಮ್ಮಿ ಸಿಕ್ಕದ, ತಳೇಗಾಂವದಿಂದ ಕಾಮಶೇತದ ನಡುವ ಯಾರ ಹೊಲದಾಗರ ಬದು ಸ್ವಚ್ಛ ಮಾಡಸೂದಿದ್ರ ಹೇಳ್ರಿ, ಟೆಂಪೋ ನಂದ ತರ್ತೀನಿ.