ಒಂದು ಸಾಲಿನ ಅರ್ಥ ಕೇಳುವ ಮುನ್ನ

ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಂತೆ ಎಷ್ಟೋ ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ಅಪರಿಚಿತರ ಮುಂದೆ ಯಾವುದೋ ಸಾಹಿತ್ಯ ಕೃತಿಯ ಒಂದು ಸಾಲನ್ನು ಇಟ್ಟು, ‘ಇದರ ಅರ್ಥವೇನು? ತುರ್ತಾಗಿ ಬೇಕು’ ಎನ್ನುತ್ತಾರೆ. ಉತ್ತರ ಬರದಿದ್ದರೆ ಬೇಸರ. ಬಂದರೆ ಇನ್ನೂ ಪೇಚು. ಅದು ಸರಿಯೋ ತಪ್ಪೋ ಎಂದು ಅಳೆಯುವ ಕೋಲು ಕೇಳಿದವರ ಬಳಿ ಇರುವುದಿಲ್ಲ. ಕೇಳುವುದು ಅವಮಾನವೇನಲ್ಲ. ಆದರೆ ಮುಕ್ಕಾಲು ಪಾಲು ಕೆಲಸ ಕೇಳುವ ಮೊದಲೇ ಮುಗಿದಿರಬೇಕು.

ಮೊದಲು ಸಾಲಿನ ಮೂಲ ಹುಡುಕಿ

ಸುಭಾಷಿತಗಳ ಪಟ್ಟಿಯಲ್ಲಿ ಸಿಕ್ಕ ಸಾಲನ್ನು ನಂಬಬೇಡಿ. ಯಾರದೋ ಮಾತಿಗೆ ಇನ್ಯಾರದೋ ಹೆಸರು ಅಂಟಿರುವುದು ಅಲ್ಲಿ ಮಾಮೂಲು. ಕೃತಿಯನ್ನೇ ತೆರೆದು, ಯಾವ ಅಧ್ಯಾಯ, ಯಾವ ದೃಶ್ಯ ಎಂದು ಗುರುತಿಸಿಕೊಳ್ಳಿ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕೃತಿಗಳಾದರೆ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಂಥ ಉಚಿತ ಸಂಗ್ರಹಗಳಲ್ಲಿ ಪೂರ್ಣ ಪಠ್ಯವೇ ಸಿಗುತ್ತದೆ. ಸಾಲಿನ ಎರಡು ಮೂರು ಪದ ಹಾಕಿ ಹುಡುಕಿದರೆ ಸಾಕು. ಓದುತ್ತಿರುವುದು ಅನುವಾದವಾಗಿದ್ದರೆ ಅನುವಾದಕರ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಆಡಿದವರು ಯಾರು, ಯಾರಿಗೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ನಿನಗೆ ನೀನು ನಿಷ್ಠನಾಗಿರು’ ಎಂಬರ್ಥದ ಸಾಲು ಶೇಕ್ಸ್‌ಪಿಯರ್‌ನ ಉಪದೇಶವೆಂದೇ ಲೋಕಪ್ರಸಿದ್ಧ. ಅದು ಬರುವುದು ‘ಹ್ಯಾಮ್ಲೆಟ್’ ನಾಟಕದ ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ. ಆಡುವವನು ಪೊಲೋನಿಯಸ್, ರಾಜನ ಆಸ್ಥಾನದ ವಾಚಾಳಿ ಮುದುಕ. ಫ್ರಾನ್ಸಿಗೆ ಹೊರಟ ಮಗ ಲೇಯರ್ಟಿಸ್‌ಗೆ ಅವನು ಬುದ್ಧಿವಾದದ ಮೂಟೆಯನ್ನೇ ಕಟ್ಟಿಕೊಡುತ್ತಾನೆ: ಸಾಲ ಕೊಡಬೇಡ, ಸಾಲ ಮಾಡಬೇಡ, ಎಲ್ಲರ ಮಾತು ಕೇಳು, ಕೆಲವರೊಂದಿಗೆ ಮಾತ್ರ ಮಾತಾಡು. ಕೊನೆಯಲ್ಲಿ ಈ ಸಾಲು.

ಇನ್ನು ಎರಡನೆಯ ಅಂಕದ ಮೊದಲ ದೃಶ್ಯಕ್ಕೆ ಹೋಗಿ. ಅದೇ ಅಪ್ಪ, ಅದೇ ಮಗನ ನಡತೆ ಪತ್ತೆ ಮಾಡಲು ರೆನಾಲ್ಡೊ ಎಂಬ ಆಳನ್ನು ಪ್ಯಾರಿಸ್ಸಿಗೆ ಕಳಿಸುತ್ತಿದ್ದಾನೆ. ಮಗನಿಗೆ ಜೂಜು, ಕುಡಿತ, ಜಗಳದ ಚಟವಿದೆ ಎಂದು ಸಣ್ಣಪುಟ್ಟ ಸುಳ್ಳು ಹಬ್ಬಿಸು, ಆಗ ಜನ ನಿಜ ಬಾಯಿಬಿಡುತ್ತಾರೆ ಎಂದು ಉಪಾಯವನ್ನೂ ಹೇಳಿಕೊಡುತ್ತಾನೆ. ಈಗ ಆ ಪ್ರಸಿದ್ಧ ಸಾಲು ಮೊದಲಿನಂತೆ ಕೇಳಿಸುತ್ತದೆಯೇ? ತಂದೆಯ ಕಾಳಜಿ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಅದನ್ನು ಕವಿಯ ಮಾತೆಂದು ಬರೆಯುವ ಧೈರ್ಯ ಬರಬಾರದು. ಹತ್ತು ಪುಟ ಮುಂದೆ ಓದಿದರೆ ಸಿಗುವ ಈ ತಿಳಿವಳಿಕೆಯನ್ನು, ಬರೀ ಒಂದು ಸಾಲನ್ನು ಕಂಡ ಅಪರಿಚಿತರು ಎಲ್ಲಿಂದ ತರಬೇಕು?

ನಿಮ್ಮ ಊಹೆ ಬರೆದುಕೊಳ್ಳಿ

ಎರಡು ವಾಕ್ಯ ಸಾಕು, ತಪ್ಪಾಗಿದ್ದರೂ ಸರಿಯೇ. ಎಲ್ಲಿ ತೊಡಕಾಯಿತು ಎಂಬುದನ್ನೂ ಬರೆಯಿರಿ. ‘ಏನೂ ಅರ್ಥವಾಗಲಿಲ್ಲ’ ಎನ್ನುವವರಿಗೆ ಸಾಮಾನ್ಯವಾಗಿ ಅರ್ಧ ಅರ್ಥವಾಗಿರುತ್ತದೆ. ಬರೆಯಲು ಕುಳಿತಾಗಲೇ ಅದು ಗೊತ್ತಾಗುವುದು.

ಆಮೇಲೆ ಪ್ರಶ್ನೆ ಕಟ್ಟಿ

ಪ್ರಶ್ನೆ ಹೀಗಿರಲಿ: ‘ಹ್ಯಾಮ್ಲೆಟ್ ನಾಟಕದ ಮೊದಲ ಅಂಕ, ಮೂರನೆಯ ದೃಶ್ಯದಲ್ಲಿ ಪೊಲೋನಿಯಸ್ ಮಗನಿಗೆ ಪ್ರಾಮಾಣಿಕತೆಯ ಬುದ್ಧಿ ಹೇಳುತ್ತಾನೆ. ಮುಂದೆ ಅವನೇ ಮಗನ ಹಿಂದೆ ಗೂಢಚಾರನನ್ನು ಬಿಡುತ್ತಾನೆ. ಹಾಗಾಗಿ ಈ ಸಾಲು ವ್ಯಂಗ್ಯವೆಂದು ನನಗೆ ಅನಿಸಿತು. ಆದರೆ ಬೀಳ್ಕೊಡುವ ಗಳಿಗೆಯಲ್ಲಿ ಅವನ ಮಾತು ಮನಸಾರೆ ಬಂದಂತೆಯೂ ಇದೆ. ಎರಡೂ ಒಟ್ಟಿಗೆ ಸಾಧ್ಯವೇ?’ ಇಂಥ ಪ್ರಶ್ನೆ ಕಂಡರೆ ತಿಳಿದವರಿಗೆ ಉತ್ತರಿಸುವ ಹುರುಪು ಬರುತ್ತದೆ. ಬರೀ ‘ಅರ್ಥ ಹೇಳಿ’ ಎಂದರೆ, ಪುಸ್ತಕವನ್ನೇ ಓದದವರೂ ಏನಾದರೊಂದು ಹೇಳಿಬಿಡಬಹುದು.

ಕೇಳುತ್ತಿರುವುದು ಅಂಕ ಸಿಗುವ ಪ್ರಬಂಧಕ್ಕಾಗಿ ಎಂಬುದನ್ನು ಮುಚ್ಚಿಡಬೇಡಿ. ಹಾಗೆಯೇ ನಿಮ್ಮ ಕಾಲೇಜಿನ ಹೆಸರು, ಫೋನ್ ಸಂಖ್ಯೆ ಯಾವುದೂ ಅಲ್ಲಿ ಬೇಡ.

ಬಂದ ಉತ್ತರವನ್ನು ಜರಡಿ ಹಿಡಿಯಿರಿ

ಪ್ರತಿ ಉತ್ತರಕ್ಕೂ ಕೇಳಬೇಕಾದದ್ದು ಒಂದೇ: ‘ಕೃತಿಯ ಯಾವ ಸಾಲಿನಿಂದ ಹೀಗೆ ಹೇಳುತ್ತೀರಿ?’ ಸಾಲು ತೋರಿಸಿದವರ ಮಾತನ್ನು ಪುಟ ತೆರೆದು ಪರೀಕ್ಷಿಸಿ. ತೋರಿಸದೆ ಲೇಖಕರ ಬಾಲ್ಯ, ದಾಂಪತ್ಯ, ಕಾಯಿಲೆಗಳ ಕಡೆ ಹೊರಟವರನ್ನು ಗೌರವದಿಂದಲೇ ಬದಿಗಿಡಿ. ತುಂಬು ಆತ್ಮವಿಶ್ವಾಸದಿಂದ ಬರೆದಿದ್ದಾರೆ ಎಂಬುದು ಪುರಾವೆಯಲ್ಲ. ಯಂತ್ರ ಬರೆದುಕೊಟ್ಟ ಉತ್ತರಗಳಿಗಂತೂ ಆ ವಿಶ್ವಾಸಕ್ಕೆ ಕೊರತೆಯೇ ಇಲ್ಲ. ಎರಡು ಉತ್ತರಗಳು ಒಂದಕ್ಕೊಂದು ವಿರುದ್ಧವಾಗಿದ್ದು ಎರಡಕ್ಕೂ ಪಠ್ಯದಲ್ಲಿ ಆಧಾರ ಸಿಕ್ಕಿತೋ, ಹಿಗ್ಗಿ. ಪ್ರಬಂಧಕ್ಕೆ ಬೇಕಾದ ವಾದ ಅಲ್ಲೇ ಇದೆ.

ಬರೆಯುವಾಗ ಇತರರ ವಾಕ್ಯಗಳನ್ನು ಎತ್ತಿ ಇಡಬೇಡಿ. ಹೊಳಹು ಇನ್ನೊಬ್ಬರದ್ದಾದರೆ ಹಾಗೆಂದು ಒಂದು ಟಿಪ್ಪಣಿ ಹಾಕಿ, ಹೊರಗಿನ ನೆರವಿನ ಬಗ್ಗೆ ನಿಮ್ಮ ಅಧ್ಯಾಪಕರ ನಿಯಮವೇನೆಂದು ಮೊದಲೇ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಪ್ರಶ್ನೆ ಕೇಳಿದ ಜಾಗಕ್ಕೆ ಮರಳಿ, ಯಾವ ಓದನ್ನು ಒಪ್ಪಿದಿರಿ, ಯಾವ ಸಾಲಿನ ಆಧಾರದ ಮೇಲೆ ಎಂದು ಎರಡು ಮಾತು ಬರೆಯಿರಿ. ಮುಂದಿನ ವರ್ಷ ಇದೇ ಸಾಲನ್ನು ಹಿಡಿದು ಬರುವ ಇನ್ನೊಬ್ಬ ವಿದ್ಯಾರ್ಥಿ ಅಲ್ಲಿಂದ ಶುರು ಮಾಡಬಹುದು.